ಉಧ್ನಾದ ಮಗು ಯಾವ ಲೆಕ್ಕಕ್ಕೆ?

ಸರ್ಕಾರದ ಒಳ್ಳೆಯ ಶಾಲೆಗಳಲ್ಲಿ ಸೀಟು ಕಡಿಮೆ, ಕೇಳುವವರು ಹೆಚ್ಚು. ಆದ್ದರಿಂದ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡಬೇಕು, ಅಂಕದ ಪಟ್ಟಿ ಮಾಡಬೇಕು, ಮೇಲಿನಿಂದ ಎಣಿಸಿ ಸೇರಿಸಿಕೊಳ್ಳಬೇಕು. ಇದಕ್ಕಿಂತ ನ್ಯಾಯವಾದ ದಾರಿ ಇನ್ನೊಂದಿಲ್ಲ. ಹೀಗೆಂದು ನಮ್ಮ ಮಧ್ಯಮ ವರ್ಗ ಗಟ್ಟಿಯಾಗಿ ನಂಬಿದೆ. ಜವಾಹರ್ ನವೋದಯ ವಿದ್ಯಾಲಯವಿರಲಿ, ಕರ್ನಾಟಕದ ಆದರ್ಶ ವಿದ್ಯಾಲಯವಿರಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಯಿರಲಿ, ಗುಜರಾತಿನ ಜ್ಞಾನಶಕ್ತಿ ವಸತಿ ಶಾಲೆಯಿರಲಿ, ಆರನೇ ತರಗತಿಯ ಬಾಗಿಲಲ್ಲಿ ಪರೀಕ್ಷೆ ಕಾದಿರುತ್ತದೆ. ಆ ನಿಯಮವನ್ನು ಸ್ವಲ್ಪ ಬದಲಿಸೋಣ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಪ್ರತಿಭೆಗೆ ಅನ್ಯಾಯವಾಯಿತು ಎಂಬ ಕೂಗು ಏಳುತ್ತದೆ. ನವೋದಯದಲ್ಲಿ 2021-22ರಿಂದ ಹಿಂದುಳಿದ ವರ್ಗಗಳ ಮಕ್ಕಳಿಗೆ ಶೇ 27ರಷ್ಟು ಸೀಟು ಮೀಸಲಿಟ್ಟ ಮೇಲೂ ಈ ಕೂಗು ನಿಂತಿಲ್ಲ.

ಈ ನಂಬಿಕೆ ತಪ್ಪು. ಸಣ್ಣ ತಪ್ಪೂ ಅಲ್ಲ. ಹತ್ತು ಹನ್ನೊಂದು ವರ್ಷದ ಮಕ್ಕಳ ಇಡೀ ಬದುಕಿನ ಮೇಲೆ ಬೀಳುವ ತಪ್ಪು. ಗುಜರಾತಿನ ಉಧ್ನಾದಂಥ ಊರಿನಿಂದ ನೋಡಿದರೆ ಅದರ ಆಳ ಸ್ಪಷ್ಟವಾಗಿ ಕಾಣುತ್ತದೆ.

ಉಧ್ನಾ ಸೂರತ್ ನಗರದ ದಕ್ಷಿಣಕ್ಕಿರುವ ಕಾರ್ಖಾನೆಗಳ ಪ್ರದೇಶ. ಇಲ್ಲಿಂದ ಜಳಗಾಂವ್ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಖಾನದೇಶದ ಮರಾಠಿ ಜನ ಬಂದರು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು. ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರ ಸಾಲು ಇನ್ನೂ ನಿಂತಿಲ್ಲ. ಒಡಿಶಾದ ಗಂಜಾಂ ಜಿಲ್ಲೆಯಿಂದ ಮಗ್ಗದ ಕೆಲಸಕ್ಕೆ ಬರುವವರ ದಟ್ಟಣೆ ಎಷ್ಟೆಂದರೆ, 2025ರ ಸೆಪ್ಟೆಂಬರಿನಲ್ಲಿ ಬ್ರಹ್ಮಪುರ ಮತ್ತು ಉಧ್ನಾ ನಡುವೆ ಅಮೃತ್ ಭಾರತ್ ರೈಲನ್ನೇ ಆರಂಭಿಸಿದರು. ಪವರ್‌ಲೂಮ್ ಕಾರ್ಖಾನೆಗಳಲ್ಲಿ ಪಾಳಿ ಎಂದರೆ 12 ಗಂಟೆ. ಮನೆಯಲ್ಲಿ ಉಳಿದ ಹೆಂಗಸರು ಸೀರೆಗೆ ಕಲ್ಲು ಅಂಟಿಸುತ್ತಾರೆ, ದಾರ ಕತ್ತರಿಸುತ್ತಾರೆ. ಕೂಲಿ ಸೀರೆಗಿಷ್ಟು ಎಂಬ ಲೆಕ್ಕದಲ್ಲಿ. ಶಾಲೆಯಿಂದ ಬಂದ ಮಕ್ಕಳೂ ಅದೇ ಸೀರೆಯ ಸುತ್ತ ಕೂರುತ್ತಾರೆ. ಸೂರತ್ ಮಹಾನಗರಪಾಲಿಕೆ ಈ ಜನರಿಗಾಗಿ ಗುಜರಾತಿ ಮಾತ್ರವಲ್ಲ, ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು ಮಾಧ್ಯಮಗಳಲ್ಲೂ ಪ್ರಾಥಮಿಕ ಶಾಲೆ ನಡೆಸುತ್ತದೆ. ದೇಶದ ಬೇರೆ ನಗರಗಳು ನೋಡಿ ಕಲಿಯಬೇಕಾದ ಕೆಲಸ ಇದು.

ಈ ಶಾಲೆಗಳಲ್ಲಿ ಐದನೇ ತರಗತಿ ಓದುವ ಮಗು ನವೋದಯಕ್ಕೆ ಅರ್ಜಿ ಹಾಕಿದರೆ ಏನಾಗುತ್ತದೆ? ಒಂದು ನವೋದಯದಲ್ಲಿ ಆರನೇ ತರಗತಿಗೆ ಸೇರಿಸಿಕೊಳ್ಳುವುದು ಗರಿಷ್ಠ 80 ಮಕ್ಕಳನ್ನು. ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ. ಉಳಿದದ್ದು ಹಳ್ಳಿ, ಪಟ್ಟಣ ಎರಡಕ್ಕೂ ಮುಕ್ತ. ಮೂರು, ನಾಲ್ಕು, ಐದನೇ ತರಗತಿಗಳ ಅವಧಿಯಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗುವನ್ನು ನಿಯಮ ನಗರದ ಅಭ್ಯರ್ಥಿ ಎಂದೇ ಎಣಿಸುತ್ತದೆ. ಅಂದರೆ ಅಪ್ಪ ಮಗ್ಗದ ಮುಂದೆ ನಿಂತು, ಅಮ್ಮ ಕಲ್ಲು ಅಂಟಿಸಿ ಬೆಳೆಸಿದ ಉಧ್ನಾದ ಮಗುವೂ ಅದೇ ಸೂರತ್ತಿನ ವಜ್ರದ ವ್ಯಾಪಾರಿಯ ಮನೆಯ, ಮೂರನೇ ತರಗತಿಯಿಂದಲೇ ಟ್ಯೂಷನ್‌ಗೆ ಹೋದ ಮಗುವೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಹೆಚ್ಚೆಂದರೆ 20 ಸೀಟಿಗಾಗಿ. ಹಳ್ಳಿಯ ಬಡತನವನ್ನು ನಿಯಮ ಕಾಣುತ್ತದೆ. ನಗರದ ಬಡತನ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಇದು ಗುಜರಾತಿನ ಕಥೆ, ನಮಗೇನು ಎಂದು ಕನ್ನಡದ ಓದುಗರು ಪಕ್ಕಕ್ಕಿಡಬಾರದು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದು, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುವ ಸಂಸಾರಗಳ ಮಕ್ಕಳಿಗೂ ಇದೇ ನಿಯಮ. ಊರಲ್ಲೇ ಉಳಿದಿದ್ದರೆ ಗ್ರಾಮೀಣ ಪಾಲಿನಲ್ಲಿ ಸೇರುತ್ತಿದ್ದ ಮಗು, ಹೊಟ್ಟೆಪಾಡಿಗೆ ಬೆಂಗಳೂರಿನ ಸರ್ಕಾರಿ ಶಾಲೆಯ ಮೆಟ್ಟಿಲು ಹತ್ತಿದ ದಿನವೇ ಆ ಪಾಲು ಕಳೆದುಕೊಳ್ಳುತ್ತದೆ. ಊರಿಗೆ ಹಿಂದಿರುಗಿದರೂ ಅದು ಮರಳಿ ಬರುವುದಿಲ್ಲ. ಗ್ರಾಮೀಣ ಪಾಲಿಗೆ ಮೂರೂ ವರ್ಷ ಹಳ್ಳಿಯ ಶಾಲೆಯಲ್ಲಿ ಪೂರ್ತಿ ಓದಿರಬೇಕು. ಇನ್ನೊಂದು ಸಲ ಪರೀಕ್ಷೆ ಬರೆಯುತ್ತೇನೆ ಎಂದರೆ ಅದಕ್ಕೂ ಅವಕಾಶವಿಲ್ಲ. ದುಡಿಮೆಗಾಗಿ ಊರು ಬಿಟ್ಟ ತಾಯಿತಂದೆಯ ತಪ್ಪಿಗೆ, ಅದು ತಪ್ಪೇ ಆಗಿದ್ದರೆ, ದಂಡ ತೆರುವುದು ಮಗು.

ಎದುರು ಪಕ್ಷದವರ ವಾದದಲ್ಲಿ ಬಲವಿರುವ ಒಂದು ಮಾತಿದೆ. ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಪರೀಕ್ಷೆ ಇಲ್ಲದ ಕಡೆ ಶಿಫಾರಸು ನಡೆಯುತ್ತಿತ್ತು. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರತಿ ಸಂಸದರಿಗೂ ವರ್ಷಕ್ಕೆ 10 ಮಕ್ಕಳ ಹೆಸರು ಸೂಚಿಸುವ ಅಧಿಕಾರವಿತ್ತು. 2022ರಲ್ಲಿ ಅದನ್ನು ರದ್ದು ಮಾಡುವವರೆಗೂ ಜನರು ಸಂಸದರ ಮನೆಗಳ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಿದ್ದರು. ಇಂಥ ದೇಶದಲ್ಲಿ, ಯಾರ ಮಗನೆಂದು ಕೇಳದ ಉತ್ತರಪತ್ರಿಕೆಯನ್ನು ಜನ ಪ್ರೀತಿಸುವುದು ಸಹಜ. ನವೋದಯದ ಪರೀಕ್ಷೆಯಿಂದ ಸಾವಿರಾರು ಬಡ ಮಕ್ಕಳು ಮೇಲೆ ಬಂದಿದ್ದಾರೆ ಎಂಬುದೂ ನಿಜ. ಆದರೆ ಈ ವಾದ ಸಾಧಿಸುವುದು ಇಷ್ಟನ್ನೇ: ಆಯ್ಕೆಯ ನಿಯಮ ಎಲ್ಲರಿಗೂ ಗೊತ್ತಿರಬೇಕು, ಅದರಲ್ಲಿ ಯಾರ ಕೈಯೂ ಆಡಬಾರದು. ಅಂಥ ನಿಯಮ ಪರೀಕ್ಷೆಯೊಂದೇ ಆಗಬೇಕೆಂದು ಅದರಿಂದ ಸಿದ್ಧವಾಗುವುದಿಲ್ಲ. ಎಲ್ಲರೆದುರು ಎತ್ತುವ ಚೀಟಿಯಲ್ಲೂ ಯಾರ ಕೈಯೂ ಆಡುವುದಿಲ್ಲ.

ಈಗ ಪರೀಕ್ಷೆಯನ್ನೇ ನೋಡೋಣ. ನವೋದಯದ ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ, ಬೌದ್ಧಿಕ ಸಾಮರ್ಥ್ಯದ ವಿಭಾಗಕ್ಕೆ ಸೇರಿದ್ದು: ಆಕೃತಿಗಳ ಸರಣಿ, ಕನ್ನಡಿಬಿಂಬ, ಗುಂಪಿಗೆ ಸೇರದ ಚಿತ್ರ. ಉಳಿದದ್ದು ಅಂಕಗಣಿತ ಮತ್ತು ಭಾಷೆ. ಬೌದ್ಧಿಕ ಸಾಮರ್ಥ್ಯ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಹುಟ್ಟಿನಿಂದ ಬಂದ ಬುದ್ಧಿಯನ್ನು ಅಳೆಯುವುದಿಲ್ಲ. ಸರ್ಕಾರಿ ಶಾಲೆಯ ಪಾಠದಲ್ಲಿ ಹೆಚ್ಚು ಅಭ್ಯಾಸ ಸಿಗದ ಈ ಬಗೆಯ ಪ್ರಶ್ನೆಗಳನ್ನು ಮೊದಲ ಸಲ ಪರೀಕ್ಷೆಯ ಕೊಠಡಿಯಲ್ಲೇ ನೋಡುವ ಮಗುವಿಗೂ ಒಂದು ವರ್ಷ ದಿನಾ ಅವನ್ನೇ ಬಿಡಿಸಿದ ಮಗುವಿಗೂ ಇರುವ ಅಂತರವನ್ನು ಅದು ಅಳೆಯುತ್ತದೆ.

ಆ ಒಂದು ವರ್ಷವನ್ನು ಮಾರುವ ಅಂಗಡಿಗಳು ಎಲ್ಲೆಲ್ಲೂ ಎದ್ದಿವೆ. ಉತ್ತರ ಕರ್ನಾಟಕದಲ್ಲಿ ‘ನವೋದಯ ಕೋಚಿಂಗ್’ ಎಂಬ ಬೋರ್ಡು ಕಾಣದ ಊರು ಅಪರೂಪ. ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು, ಕೋಚಿಂಗ್ ಹಾಸ್ಟೆಲಿನಲ್ಲಿ ಮಗು. ಗ್ರಾಮೀಣ ಪಾಲು ಕೈತಪ್ಪಬಾರದೆಂದು ಹೀಗೂ ನಡೆಯುತ್ತದೆ ಎಂಬುದು ಅಲ್ಲಿನ ಶಿಕ್ಷಕರಿಗೆ ಗೊತ್ತಿಲ್ಲದ ಗುಟ್ಟಲ್ಲ. ಐದನೇ ತರಗತಿಯ ಮಗು ಬೆಳಗಿನ ಜಾವಕ್ಕೆ ಎದ್ದು ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತದೆ. ಇದನ್ನು ಪ್ರತಿಭೆ ಎಂದು ಕರೆಯುವವರು ಒಂದು ಪ್ರಶ್ನೆಗೆ ಉತ್ತರ ಕೊಡಲಿ: ಪ್ರತಿಭೆ ಎಂಬುದು ಫೀಸು ಕಟ್ಟಿದವರ ಮನೆಯಲ್ಲೇ ಏಕೆ ಹೆಚ್ಚು ಹುಟ್ಟುತ್ತದೆ?

ಇದೇ ವಿಷಯವನ್ನು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ವೈದ್ಯಕೀಯ ಸೀಟುಗಳ ಮೀಸಲಾತಿ ಕುರಿತ ನೀಲ್ ಅರೇಲಿಯೊ ನ್ಯೂನ್ಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರ ಪೀಠ, ಕೆಲವು ವರ್ಗಗಳಿಗೆ ತಲೆತಲಾಂತರದಿಂದ ಕೂಡಿಬಂದ ಸಾಮಾಜಿಕ, ಆರ್ಥಿಕ, ಸಾಂಸ್ಕೃತಿಕ ಅನುಕೂಲ ಪರೀಕ್ಷೆಯ ಅಂಕಗಳಲ್ಲಿ ಕಾಣಿಸುವುದಿಲ್ಲ, ಹಾಗಾಗಿ ಯೋಗ್ಯತೆಯನ್ನು ಸಮಾಜದ ಸಂದರ್ಭದಲ್ಲಿಟ್ಟು ನೋಡಬೇಕು ಎಂದಿತು. ಇಪ್ಪತ್ತು ದಾಟಿದ ವೈದ್ಯರ ಬಗ್ಗೆಯೇ ಇಷ್ಟು ನಿಜವಾದರೆ, ಹತ್ತು ವರ್ಷದ ಕೂಸಿನ ಬಗ್ಗೆ ಎಷ್ಟು ನಿಜವಾಗಬೇಡ?

ಒಂದು ಅಂಕದ ಮೇಲೆ ಮಗುವಿನ ಭವಿಷ್ಯ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. 1964ರ ಡಿಸೆಂಬರಿನಲ್ಲಿ ಸಿಯೋಲ್ ನಗರದ ಮಾಧ್ಯಮಿಕ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ, ಅಂಟುಮಿಠಾಯಿ ಮಾಡುವಾಗ ಮೊಳಕೆ ಧಾನ್ಯದ ಪುಡಿಯ ಬದಲು ಏನು ಹಾಕಬಹುದು ಎಂದು ಕೇಳಿದ್ದರು. ಮೂಲಂಗಿ ರಸ ಎಂದು ಬರೆದ ಮಕ್ಕಳಿಗೆ ಅಂಕ ಸಿಗಲಿಲ್ಲ. ಆ ಒಂದು ಅಂಕದಿಂದ ಹೆಸರಾಂತ ಶಾಲೆಗಳು ಕೈತಪ್ಪಿದವು. ತಾಯಂದಿರು ಮೂಲಂಗಿ ರಸ ಹಾಕಿ ನಿಜವಾಗಿಯೂ ಮಿಠಾಯಿ ಮಾಡಿಕೊಂಡು ಅಧಿಕಾರಿಗಳ ಮುಂದೆ ಹೋಗಿ ಪ್ರತಿಭಟಿಸಿದರು. ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅಲ್ಲಿನ ಸರ್ಕಾರ 1968ರಲ್ಲಿ ಮಾಧ್ಯಮಿಕ ಶಾಲೆಗಳ ಪ್ರವೇಶ ಪರೀಕ್ಷೆಯನ್ನೇ ರದ್ದು ಮಾಡುವುದಾಗಿ ಪ್ರಕಟಿಸಿ, ಮರುವರ್ಷ ಸಿಯೋಲ್‌ನಿಂದ ಆರಂಭಿಸಿ ಚೀಟಿ ಎತ್ತುವ ಪದ್ಧತಿ ತಂದಿತು. 1974ರಿಂದ ಪ್ರೌಢಶಾಲೆಗಳಿಗೂ ಸಮಾನೀಕರಣ ನೀತಿ ಬಂತು. ಕೊರಿಯಾದ ಶಿಕ್ಷಣ ಅದರಿಂದ ಕುಸಿದುಬೀಳಲಿಲ್ಲ. ಚೀಟಿ ಎತ್ತುವುದು ಅದೃಷ್ಟದ ಆಟ ಎನ್ನುವವರು, ಒಂದು ಪ್ರಶ್ನೆಯ ಮೇಲೆ 80ನೇ ಮಗುವನ್ನು ಒಳಗೂ 81ನೇ ಮಗುವನ್ನು ಹೊರಗೂ ಇಡುವುದನ್ನು ಯಾವ ಆಟ ಎನ್ನುತ್ತಾರೆ?

ನವೋದಯವನ್ನು ಶುದ್ಧ ಪ್ರತಿಭೆಯ ಗುಡಿ ಎಂದು ಹೊಗಳುವವರು ಅದರ ಇತಿಹಾಸವನ್ನು ಮರೆತಿದ್ದಾರೆ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲ ಎರಡು ಶಾಲೆ ತೆರೆದಾಗಿನಿಂದ ಅದು ಪಾಲು ಹಂಚಿಕೆಯ ಮೇಲೆಯೇ ನಿಂತಿದೆ. ಜಿಲ್ಲೆಗೊಂದು ಶಾಲೆ, ಆ ಜಿಲ್ಲೆಯ ಮಕ್ಕಳಿಗೇ ಸೀಟು. ಯಾದಗಿರಿಯ ಮಗು ಮಂಗಳೂರಿನ ಮಗುವಿನ ಜೊತೆ ಸ್ಪರ್ಧಿಸಬೇಕಿಲ್ಲ. ಗ್ರಾಮೀಣ ಸೀಟುಗಳನ್ನು ತಾಲ್ಲೂಕು ತಾಲ್ಲೂಕಿಗೆ ಹಂಚುತ್ತಾರೆ. ಕನಿಷ್ಠ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜಿಲ್ಲೆಯ ಜನಸಂಖ್ಯೆಗೆ ತಕ್ಕ ಪಾಲು. ಇಷ್ಟೆಲ್ಲ ಹಂಚಿದ ಮೇಲೂ ನವೋದಯಗಳ ಹತ್ತನೇ, ಹನ್ನೆರಡನೇ ತರಗತಿಯ ಫಲಿತಾಂಶ ವರ್ಷವರ್ಷವೂ ದೇಶದ ಮುಂಚೂಣಿಯಲ್ಲಿದೆ. ಪಾಲು ಹಂಚಿದರೆ ಗುಣಮಟ್ಟ ಹಾಳಾಗುತ್ತದೆ ಎಂಬ ವಾದವನ್ನು ಸುಳ್ಳು ಮಾಡಿರುವುದು ಆ ವಾದ ಮಾಡುವವರು ತಲೆಮೇಲೆ ಹೊತ್ತು ಮೆರೆಸುವ ಶಾಲೆಯೇ. ಹಳ್ಳಿಗೆ ತಾಲ್ಲೂಕುವಾರು ನ್ಯಾಯ ಸಲ್ಲುತ್ತದೆ ಎಂದಾದರೆ, ನಗರದ ಕೇರಿಗಳಿಗೆ ವಾರ್ಡುವಾರು ನ್ಯಾಯ ಏಕೆ ಸಲ್ಲಬಾರದು?

ಯೋಗ್ಯತೆ ಹಾಳಾಗುತ್ತದೆ ಎಂಬ ಭಯ ನಮ್ಮ ನಾಡಿಗೂ ಹೊಸದಲ್ಲ, ಗುಜರಾತಿಗೂ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದಾಗ, ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಕೊಟ್ಟರೆ ಆಡಳಿತದ ದಕ್ಷತೆ ಕುಗ್ಗುತ್ತದೆ ಎಂದು ದಿವಾನ ವಿಶ್ವೇಶ್ವರಯ್ಯನವರು ಆತಂಕಪಟ್ಟು ಹುದ್ದೆಯಿಂದ ಹೊರನಡೆದರು. ನಾಡು ಕಟ್ಟಿದ ಆ ಮಹನೀಯರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಆ ವಿಷಯದಲ್ಲಿ ಕಾಲ ಮಹಾರಾಜರ ಪರ ನಿಂತಿತು. ಪಾಲು ಕೊಟ್ಟ ಮೇಲೂ ಮೈಸೂರು ಮಾದರಿ ಸಂಸ್ಥಾನವಾಗಿಯೇ ಉಳಿಯಿತು. 1981ರಲ್ಲಿ ಅಹಮದಾಬಾದಿನ ಬಿ.ಜೆ. ವೈದ್ಯಕೀಯ ಕಾಲೇಜಿನಲ್ಲಿ ಸ್ನಾತಕೋತ್ತರ ಸೀಟುಗಳ ಮೀಸಲಾತಿಯ ವಿರುದ್ಧ ಎದ್ದ ಗಲಭೆ ರಾಜ್ಯವನ್ನೇ ಸುಟ್ಟಿತು. 1985ರಲ್ಲಿ ಮಾಧವಸಿಂಹ ಸೋಲಂಕಿ ಸರ್ಕಾರ ಹಿಂದುಳಿದವರ ಪಾಲನ್ನು ಶೇ 10ರಿಂದ 28ಕ್ಕೆ ಏರಿಸಿದಾಗ ಮತ್ತೆ ಬೆಂಕಿ ಬಿತ್ತು, ಸೋಲಂಕಿ ಕುರ್ಚಿ ಬಿಟ್ಟರು. ಎರಡು ಸಲವೂ ಎತ್ತಿ ಹಿಡಿದ ಬಾವುಟ ಯೋಗ್ಯತೆಯದೇ. 2015ರಲ್ಲಿ ಸೂರತ್ತಿನ ವರಾಛಾದಂಥ ಕಡೆಗಳಿಂದಲೇ ಬಲ ಪಡೆದ ಪಾಟೀದಾರ್ ಚಳವಳಿ ತಮಗೂ ಮೀಸಲಾತಿ ಬೇಕೆಂದು ಕೇಳಿತು. ತಮ್ಮ ಮನೆಯ ಮಕ್ಕಳಿಗೆ ಬಾಗಿಲು ಮುಚ್ಚಿದೆ ಎನಿಸಿದಾಗ ಪಾಲು ಕೇಳುವುದು ನ್ಯಾಯ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಉಧ್ನಾದ ಮಗುವಿನ ವಿಷಯದಲ್ಲೂ ಅದು ಅರ್ಥವಾಗಲಿ ಎಂಬುದಷ್ಟೇ ನನ್ನ ಬೇಡಿಕೆ.

ಪರೀಕ್ಷೆಯೊಂದನ್ನೇ ನೆಚ್ಚಿದ ಊರುಗಳ ಗತಿಯನ್ನೂ ನೋಡಬೇಕು. ನ್ಯೂಯಾರ್ಕ್ ನಗರದ ಸ್ಟೈವೆಸಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಎಂಬ ಸರ್ಕಾರಿ ಪ್ರೌಢಶಾಲೆಗಳಿಗೆ ಒಂದೇ ಪರೀಕ್ಷೆಯಿಂದ ಪ್ರವೇಶ ಎಂದು 1971ರಲ್ಲಿ ಕಾನೂನೇ ಮಾಡಿದರು. 2019ರಲ್ಲಿ ಸ್ಟೈವೆಸಂಟ್ ಕೊಟ್ಟ 895 ಸೀಟುಗಳಲ್ಲಿ ಕಪ್ಪು ಮಕ್ಕಳಿಗೆ ಸಿಕ್ಕಿದ್ದು ಏಳು. ನಿಯಮ ಬದಲಿಸುವ ಮೇಯರ್ ಪ್ರಯತ್ನ ಶಾಸನಸಭೆಯನ್ನು ದಾಟಲಿಲ್ಲ. ಇಷ್ಟೊಂದು ಕಾದಾಡುವ ಆ ಸೀಟು ಮಗುವಿಗೆ ಕೊಡುವುದಾದರೂ ಏನು? ಅಬ್ದುಲ್ಕಾದಿರೊಗ್ಲು, ಆಂಗ್ರಿಸ್ಟ್, ಪಾಠಕ್ ಎಂಬ ಅರ್ಥಶಾಸ್ತ್ರಜ್ಞರು ನ್ಯೂಯಾರ್ಕ್ ಮತ್ತು ಬಾಸ್ಟನ್ ನಗರಗಳ ಇಂಥ ಶಾಲೆಗಳನ್ನು ಅಧ್ಯಯನ ಮಾಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಟ್ಆಫ್‌ಗಿಂತ ಕೂದಲೆಳೆ ಮೇಲಿದ್ದು ಒಳಹೋದ ಮಕ್ಕಳಿಗೂ ಕೂದಲೆಳೆ ಕೆಳಗಿದ್ದು ಹೊರಗುಳಿದ ಮಕ್ಕಳಿಗೂ ಮುಂದಿನ ಪರೀಕ್ಷೆಗಳ ಅಂಕದಲ್ಲಿ ಹೆಚ್ಚಿನ ವ್ಯತ್ಯಾಸವೇ ಕಾಣಲಿಲ್ಲ. ಬೇರೆ ಒಳ್ಳೆಯ ದಾರಿಗಳಿರುವ ಮಗು ಎಲ್ಲಿದ್ದರೂ ಮುಂದೆ ಬರುತ್ತದೆ ಎಂದು ನಾನು ಇದನ್ನು ಓದುತ್ತೇನೆ. ಉಧ್ನಾದ ಒಂದೇ ಕೋಣೆಯ ಮನೆಯ ಮಗುವಿಗೆ ಅಂಥ ದಾರಿಗಳಿಲ್ಲ. ಆರರಿಂದ ಹನ್ನೆರಡನೇ ತರಗತಿವರೆಗೆ ಉಚಿತ ಊಟ, ಹಾಸಿಗೆ, ಪುಸ್ತಕ, ಓದಲು ದೀಪದ ಬೆಳಕು ಸಿಕ್ಕರೆ ಅದರ ಬದುಕಿನ ದಿಕ್ಕೇ ಬದಲಾಗುತ್ತದೆ. ಸರ್ಕಾರದ ಹಣ ಖರ್ಚಾಗುವ ಸೀಟು, ಹೆಚ್ಚು ಬದಲಾವಣೆ ತರುವ ಕಡೆಗೆ ಹೋಗಬೇಕು.

ನಮ್ಮ ಕಾನೂನಿನ ಆಶಯವೂ ಇದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್, ಶಾಲೆಗೆ ಸೇರಿಸಿಕೊಳ್ಳುವಾಗ ಮಕ್ಕಳನ್ನು ಜರಡಿ ಹಿಡಿಯಬಾರದು ಎನ್ನುತ್ತದೆ. ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಆರಿಸುವುದಾದರೆ ಚೀಟಿ ಎತ್ತುವಂಥ ಯಾದೃಚ್ಛಿಕ ವಿಧಾನವನ್ನಷ್ಟೇ ಅದು ಒಪ್ಪುತ್ತದೆ. ನವೋದಯದಂಥ ಶಾಲೆಗಳನ್ನು ‘ನಿರ್ದಿಷ್ಟ ವರ್ಗ’ ಎಂದು ಬೇರೆ ಇಟ್ಟು ಅಲ್ಲಿ ಪರೀಕ್ಷೆ ಮುಂದುವರಿಸಿದ್ದಾರೆ. ಖಾಸಗಿ ಶಾಲೆಯವರು ಮಾಡಿದರೆ ತಪ್ಪು ಎನಿಸುವುದನ್ನು ಸರ್ಕಾರ ತಾನೇ ಮಾಡುತ್ತಿದೆ.

ಹಾಗಾದರೆ ಮಾಡಬೇಕಾದದ್ದೇನು? ಪರೀಕ್ಷೆಯನ್ನು ನಾಳೆಯೇ ಕಿತ್ತೆಸೆಯಿರಿ ಎಂದು ನಾನು ಹೇಳುತ್ತಿಲ್ಲ. ಮೂರು ಬದಲಾವಣೆ ಕೇಳುತ್ತೇನೆ. ಮೊದಲನೆಯದು, ಗ್ರಾಮೀಣ ಪಾಲನ್ನು ಮುಟ್ಟದೆ, ಉಳಿದ ಶೇ 25ರಲ್ಲಿ ಅರ್ಧವನ್ನು ಪಾಲಿಕೆ ಮತ್ತು ಸರ್ಕಾರಿ ಶಾಲೆಗಳಲ್ಲಿ ಓದಿದ ನಗರದ ಮಕ್ಕಳಿಗೆ ಮೀಸಲಿಟ್ಟು, ತಾಲ್ಲೂಕಿಗೆ ಹಂಚಿದಂತೆ ವಾರ್ಡುಗಳಿಗೆ ಹಂಚಬೇಕು. ಸರ್ಕಾರಿ ಶಾಲೆಯ ಮಕ್ಕಳಿಗೆ ಪಾಲು ಕೊಡುವುದು ಕನಸಲ್ಲ. ತಮಿಳುನಾಡು 2020ರಲ್ಲಿ ಕಾನೂನು ಮಾಡಿ ವೈದ್ಯಕೀಯ ಸೀಟುಗಳಲ್ಲಿ ಶೇ 7.5ನ್ನು ಅವರಿಗೆ ಕೊಟ್ಟಿದೆ. ಅಮೆರಿಕದ ಟೆಕ್ಸಸ್ ರಾಜ್ಯ 1997ರಲ್ಲೇ ಪ್ರತಿ ಪ್ರೌಢಶಾಲೆಯ ಮೊದಲ ಶೇ 10 ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ಎರಡನೆಯದು, ಪರೀಕ್ಷೆಯಲ್ಲಿ ಒಂದು ಕನಿಷ್ಠ ಗೆರೆ ಇಟ್ಟು, ಅದನ್ನು ದಾಟಿದ ಮಕ್ಕಳ ನಡುವೆ ಪೋಷಕರ ಎದುರೇ ಚೀಟಿ ಎತ್ತಬೇಕು. ಗೆರೆ ದಾಟಿದರೆ ಸಾಕು ಎಂದಾದರೆ, ಒಂದೊಂದು ಅಂಕವನ್ನೂ ಮಾರಿ ಬದುಕುವ ಕೋಚಿಂಗ್ ವ್ಯಾಪಾರದ ಬೆನ್ನೆಲುಬು ಮುರಿಯುತ್ತದೆ. ಮೂರನೆಯದು, ‘ಒಂದು ದಿನ ನಗರದಲ್ಲಿ ಓದಿದರೂ ನಗರದವರು’ ಎಂಬ ನಿಯಮ ಹೋಗಬೇಕು; ಗುಳೆ ಹೋಗುವ ಸಂಸಾರಗಳ ಮಕ್ಕಳಿಗೆ ಎರಡನೇ ಸಲ ಬರೆಯುವ ಅವಕಾಶ ಸಿಗಬೇಕು. ಕರ್ನಾಟಕದ ವಸತಿ ಶಾಲೆಗಳು ಸಫಾಯಿ ಕರ್ಮಚಾರಿಗಳು, ದೇವದಾಸಿಯರು, ಅಲೆಮಾರಿಗಳ ಮಕ್ಕಳನ್ನು ವಿಶೇಷ ವರ್ಗವೆಂದು ಗುರುತಿಸಿವೆ. ಆ ಪಟ್ಟಿಗೆ ವಲಸೆ ಕಾರ್ಮಿಕರ ಮಕ್ಕಳೂ ಸೇರಲಿ.

ಕಡಿಮೆ ಅಂಕದ ಮಕ್ಕಳು ಅಲ್ಲಿ ಹೋಗಿ ಹೆಣಗುತ್ತಾರೆ, ಅವರಿಗೇ ಕಷ್ಟ ಎಂದು ಕನಿಕರದ ದನಿಯಲ್ಲಿ ಹೇಳುವವರಿದ್ದಾರೆ. ಹಗಲೂ ರಾತ್ರಿ ಶಿಕ್ಷಕರು ಜೊತೆಗಿರುವ ಶಾಲೆಗೆ ಏಳು ವರ್ಷ ಸಮಯವಿದೆ. ಅಷ್ಟರಲ್ಲೂ ಹತ್ತು ವರ್ಷದ ಮಗುವನ್ನು ದಡ ಮುಟ್ಟಿಸಲಾಗದಿದ್ದರೆ, ಸೋತದ್ದು ಮಗುವಲ್ಲ, ಶಾಲೆ. ಎಲ್ಲ ಸರ್ಕಾರಿ ಶಾಲೆಗಳನ್ನೂ ಒಳ್ಳೆಯದು ಮಾಡಿ, ಆಗ ಈ ಜಗಳವೇ ಇರುವುದಿಲ್ಲ ಎಂಬ ಮಾತೂ ಕೇಳುತ್ತದೆ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಪ್ರಭಾವವುಳ್ಳ ಪೋಷಕರ ಮಕ್ಕಳಿಗೆ ಪರೀಕ್ಷೆ ಬರೆದು ಪಾರಾಗುವ ಕಿಟಕಿ ತೆರೆದಿರುವವರೆಗೆ ಉಳಿದ ಶಾಲೆಗಳ ಸೋರುವ ಸೂರಿನ ಬಗ್ಗೆ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಎಲ್ಲ ಶಾಲೆಗಳೂ ಸುಧಾರಿಸುವ ದಿನಕ್ಕಾಗಿ ಈಗ ಐದನೇ ತರಗತಿಯಲ್ಲಿರುವ ಮಗು ಕಾಯಲಾರದು. ಅದರ ಬಾಲ್ಯಕ್ಕೆ ಎರಡನೇ ಸುತ್ತಿಲ್ಲ.

ನವೋದಯದ ನಿಯಮ ಬದಲಿಸುವ ಅಧಿಕಾರ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ನವೋದಯ ವಿದ್ಯಾಲಯ ಸಮಿತಿಯದು. ಆದರ್ಶ, ಮೊರಾರ್ಜಿ ಶಾಲೆಗಳ ನಿಯಮ ಬದಲಿಸುವುದು ಕರ್ನಾಟಕ ಸರ್ಕಾರದ ಕೈಯಲ್ಲೇ ಇದೆ. ಈ ಬದಲಾವಣೆಗಳಿಗೆ ಹೊಸ ಕಟ್ಟಡ ಬೇಡ, ಸುತ್ತೋಲೆ ತಿದ್ದಿದರೆ ಸಾಕು. ಓದುಗರು ತಮ್ಮ ಸಂಸದರನ್ನೂ ಶಾಸಕರನ್ನೂ ಈ ಒಂದು ವಿಷಯ ಎತ್ತಿ ಕೇಳಬೇಕು. ತಮ್ಮ ಮಗುವಿಗೆ ಕೋಚಿಂಗ್ ಕೊಡಿಸಬಲ್ಲ ಪೋಷಕರು ಕೇಳಿದರೆ ಅದಕ್ಕೆ ಹೆಚ್ಚು ಬೆಲೆ, ಏಕೆಂದರೆ ಕೊಡಿಸಲಾಗದವರ ದನಿ ಆ ಕಚೇರಿಗಳವರೆಗೆ ತಲುಪುವುದೇ ಇಲ್ಲ. ಸರ್ಕಾರಿ ಶಾಲೆಯ ಸೀಟು ಗೆದ್ದವರಿಗೆ ಕೊಡುವ ಬಹುಮಾನವಲ್ಲ, ಅದು ಮಗುವಿನ ಹಕ್ಕು. ಆ ಹಕ್ಕನ್ನು ಮೊದಲು ಕೊಡಬೇಕಾದದ್ದು ಬೇರೆ ಯಾವ ಬಾಗಿಲೂ ಇಲ್ಲದ ಮಗುವಿಗೆ.